ನೂರು ಅಂತ ಇಟ್ಟುಕೊಳ್ಳೋಣ

ಸರ್ವೆ ಕ್ಯಾಂಪಿಗೆ ಹೊರಡುವ ಹಿಂದಿನ ದಿನ ನಮ್ಮ ಕಾಲೇಜಿನ ಸ್ಟೋರ್ ರೂಮಿನ ಮುಂದೆ, ಮದುವೆಮನೆಯವರು ಪಾತ್ರೆ ಬಾಡಿಗೆಗೆ ಬಂದಂಥ ಗದ್ದಲ. ಕೈಯಲ್ಲಿ ಪಟ್ಟಿ, ಬಾಯಲ್ಲಿ ಎಣಿಕೆ. ಡಂಪಿ ಲೆವೆಲ್ ಒಂದು, ಅದರ ಸ್ಟ್ಯಾಂಡ್ ಒಂದು, ಸ್ಟಾಫ್ ಎರಡು, ಚೈನು ಎರಡು, ಆರೋ ಹತ್ತು, ಕೆಂಪು ಬಿಳಿ ಪಟ್ಟೆಯ ರೇಂಜಿಂಗ್ ರಾಡು ಆರು, ಕಂಪಾಸ್ ಒಂದು, ಪ್ಲೇನ್ ಟೇಬಲ್ ಒಂದು, ಗೂಟ ಇಪ್ಪತ್ತು, ಸುತ್ತಿಗೆ ಒಂದು. ಎಲ್ಲವನ್ನೂ ಕೊಡುವವರು ನಮ್ಮ ಅಟೆಂಡರು. ಖಾಕಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು. ಪ್ರಿನ್ಸಿಪಾಲರಿಗೆ ಹೆದರದ ಹುಡುಗರೂ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಲೆವೆಲಿನ ಪೆಟ್ಟಿಗೆ ಕೊಡುವಾಗ ಅವರು ಪ್ರತಿಯೊಂದು ಬ್ಯಾಚಿಗೂ ಹೇಳುತ್ತಿದ್ದದ್ದು ಒಂದೇ ಮಾತು:

"ತೆಗೆಯೋ ಮುಂಚೆ ಹೆಂಗೆ ಕೂತೈತೆ ನೋಡ್ಕಳಿ. ಆಮೇಲೆ ಕೂರಿಸೋಕೆ ಬರ್ತಿಲ್ಲ ಅಂತ ನನ್ನ ಹತ್ರ ಅಳಬ್ಯಾಡಿ."

ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಸಂಜೆ ಐದೂವರೆಗೆ, ಕತ್ತಲು ಕವಿಯುತ್ತಿರುವಾಗ, ಕೆರೆ ಏರಿಯ ಮೇಲೆ ಕೂತು ನಾಲ್ಕು ಜನ ಭಾವೀ ಇಂಜಿನಿಯರುಗಳು ಒಂದು ಹಿತ್ತಾಳೆಯ ಯಂತ್ರವನ್ನು ಒಂದು ಮರದ ಪೆಟ್ಟಿಗೆಗೆ ತುರುಕಲು ಪಡುವ ಪಾಡನ್ನು ನೋಡಬೇಕು. ದುರ್ಬೀನು ಒಳಗೆ ಹೋದರೆ ಸ್ಕ್ರೂ ಹೊರಗೆ, ಸ್ಕ್ರೂ ಒಳಗೆ ಹೋದರೆ ಮುಚ್ಚಳ ಹಾಕಲಾಗದು. ನಲವತ್ತು ವರ್ಷದಿಂದ ನಾನು ಮನೆಯಲ್ಲಿ ಮಿಕ್ಸಿಯನ್ನಾಗಲೀ ಸೂಟ್‌ಕೇಸನ್ನಾಗಲೀ ಬಿಚ್ಚುವ ಮೊದಲು ಒಂದು ನಿಮಿಷ ಸುಮ್ಮನೆ ದಿಟ್ಟಿಸುತ್ತೇನೆ. ಹೆಂಡತಿ ಇದನ್ನು ಸೋಮಾರಿತನ ಎನ್ನುತ್ತಾಳೆ.

ಆ ಸಾಲಿನಲ್ಲಿ ನಾನು ಮೊದಲು ನಿಂತದ್ದು 1981ರಲ್ಲಿ, ವಿದ್ಯಾರ್ಥಿಯಾಗಿ. ಆಮೇಲೆ ಅದೇ ಸಾಲನ್ನು ಮೇಷ್ಟ್ರಾಗಿ ಪಕ್ಕದಿಂದ ಮೂವತ್ತು ಚಿಲ್ಲರೆ ವರ್ಷ ನೋಡಿದೆ. ಕರ್ನಾಟಕದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವರಿಗೆ ಈ ಕ್ಯಾಂಪಿನ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಒಂದಷ್ಟು ದಿನ ಒಂದು ಹಳ್ಳಿಯಲ್ಲಿ ಬೀಡುಬಿಟ್ಟು, ಅಲ್ಲೊಂದು ಹೊಸ ಕೆರೆ ಕಟ್ಟುವುದಕ್ಕೆ, ಒಂದು ರಸ್ತೆ ಮಾಡುವುದಕ್ಕೆ, ಊರಿಗೆ ನೀರು ಸರಬರಾಜಿಗೆ, ಹಳೆಯ ಕೆರೆಯೊಂದರ ಜೀರ್ಣೋದ್ಧಾರಕ್ಕೆ ಬೇಕಾದ ಅಳತೆ ಎಲ್ಲ ತೆಗೆದು ನಕ್ಷೆ ಬರೆಯಬೇಕು. ಪರೀಕ್ಷೆಯ ಅಂಕ ಅದಕ್ಕುಂಟು. ಮಲಗುವುದು ಶಾಲೆಯ ಬೆಂಚಿನ ಮೇಲೆ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಉಳಿದ ಉಪ್ಪಿಟ್ಟಿನ ಮಾತು. ನಮ್ಮ ಕಾಲೇಜಿನವರು ಹೋಗುತ್ತಿದ್ದದ್ದು ತಿಪಟೂರು ಅರಸೀಕೆರೆ ಸೀಮೆಯ ಒಂದು ಹಳ್ಳಿಗೆ. ತೆಂಗಿನ ತೋಟಗಳ ಊರು. ಮಟ್ಟ ನೋಡುವ ಲೆವೆಲಿನಲ್ಲಿ ಕಣ್ಣಿಟ್ಟರೆ ಸ್ಟಾಫ್ ಎಂಬ ಅಳತೆಕೋಲಿಗಿಂತ ಮೊದಲು ತೆಂಗಿನ ಬೊಡ್ಡೆ ಕಾಣುತ್ತಿತ್ತು. "ಸರ್, ಒಂದೇ ಒಂದು ಮರ ತೆಗೆಸಿದ್ರೆ ಲೈನು ನೇರ ಹೋಗುತ್ತೆ" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಅವನನ್ನು ಮರದ ಒಡೆಯರ ಹತ್ತಿರ ಕಳಿಸಿ ನಾನು ದೂರದಿಂದ ನೋಡುತ್ತಿದ್ದೆ.

ಯಂತ್ರವನ್ನು ನಿಲ್ಲಿಸುವುದೇ ಮೊದಲ ವಿದ್ಯೆ. ಮೂರು ಕಾಲನ್ನು ನೆಲಕ್ಕೆ ಊರಿ, ಗಾಜಿನ ಕೊಳವೆಯೊಳಗಿನ ಗುಳ್ಳೆಯನ್ನು ನಡುವಿಗೆ ತರಬೇಕು. ಎರಡು ಸ್ಕ್ರೂ ಹಿಡಿದು ಎರಡು ಹೆಬ್ಬೆರಳನ್ನೂ ಒಳಕ್ಕೆ ತಿರುಗಿಸಬೇಕು, ಇಲ್ಲವೇ ಎರಡನ್ನೂ ಹೊರಕ್ಕೆ. ಒಂದನ್ನು ಒಳಕ್ಕೆ ಒಂದನ್ನು ಹೊರಕ್ಕೆ ತಿರುಗಿಸಿದವನು ಮಧ್ಯಾಹ್ನದ ಊಟದವರೆಗೂ ಅಲ್ಲೇ. ಎಡಗೈ ಹೆಬ್ಬೆರಳು ಯಾವ ಕಡೆ ಹೋಗುತ್ತದೋ ಗುಳ್ಳೆ ಆ ಕಡೆ ಹೋಗುತ್ತದೆ. ಎಡಗೈಯಲ್ಲಿ ಕೊಟ್ಟರೆ ದುಡ್ಡನ್ನೂ ಮುಟ್ಟದ ನಮ್ಮ ನಾಡಿನಲ್ಲಿ ಎಡಗೈ ಹೇಳಿದಂತೆ ಕೇಳುವ ವಸ್ತು ಇದೊಂದೇ ಇರಬೇಕು. ಆಮೇಲೆ ಮೂರನೆಯ ಸ್ಕ್ರೂ. ಅದನ್ನು ತಿರುಗಿಸಿದಾಗ ಮೊದಲೆರಡರ ಕೆಲಸ ಸ್ವಲ್ಪ ಕೆಡುತ್ತದೆ. ಮತ್ತೆ ಅಲ್ಲಿಗೆ ಹೋಗಬೇಕು. ಗುಳ್ಳೆ ನಡುವಿಗೆ ಬಂದು ನಿಂತ ಕ್ಷಣಕ್ಕೆ ಸರಿಯಾಗಿ ಯಾರೋ ಒಬ್ಬ ಸ್ಟ್ಯಾಂಡಿನ ಕಾಲು ಎಡವುತ್ತಾನೆ. ಅದು ಯಾವತ್ತೂ ತಪ್ಪಿದ್ದಿಲ್ಲ.

ಹಳೆಯ ಡಂಪಿ ಲೆವೆಲಿನಲ್ಲಿ ಲೋಕವೆಲ್ಲ ತಲೆಕೆಳಗು. ಮಸೂರಗಳ ಜೋಡಣೆಯೇ ಹಾಗಿತ್ತು. ನೆಟ್ಟಗೆ ಮಾಡುವುದಕ್ಕೆ ಇನ್ನೊಂದು ಮಸೂರ ಹಾಕಿದರೆ ಬೆಳಕು ಕಡಿಮೆಯಾಗುತ್ತದೆಂದು ಹಾಗೇ ಬಿಟ್ಟಿದ್ದರು. ಸ್ಟಾಫ್ ಹಿಡಿದ ಗೆಳೆಯ ಆಕಾಶದಿಂದ ಬಾವಲಿಯಂತೆ ನೇತಾಡುತ್ತಿದ್ದ. ಎಮ್ಮೆಗಳು ಚಾವಣಿಯ ಮೇಲೆ ಮೇಯುತ್ತಿದ್ದವು. ಎರಡು ದಿನ ತಲೆ ತಿರುಗುತ್ತದೆ, ಮೂರನೆಯ ದಿನ ಅದೇ ಸರಿಯೆನಿಸುತ್ತದೆ. ಹಳ್ಳಿ ಮಕ್ಕಳಿಗೆ ಒಂದು ಸಲ ನೋಡಲು ಬಿಟ್ಟರೆ ಮುಗಿಯಿತು. ಊರಿಗೆ ಊರೇ ಸಾಲು ನಿಲ್ಲುತ್ತಿತ್ತು. ಒಬ್ಬ ಹುಡುಗ ಕಣ್ಣಿಟ್ಟವನು, ನೀರಿನ ಕೊಡ ಹೊತ್ತು ಬರುತ್ತಿದ್ದ ತನ್ನ ತಾಯಿಯನ್ನು ಕಂಡು, "ಅವ್ವಾ, ನೀರು ಚೆಲ್ತದೆ!" ಎಂದು ಕೂಗಿಕೊಂಡು ಓಡಿದ್ದು ನನಗೆ ಇವತ್ತಿಗೂ ನೆನಪಿದೆ.

ಓಡಿದರೂ ಕೂಗಿದರೂ ನಮ್ಮದೆಲ್ಲ ಕೂಗಳತೆಯ ವ್ಯವಹಾರ. ಲೆವೆಲ್ ಇರುವುದು ಇಲ್ಲಿ, ಸ್ಟಾಫ್ ಇರುವುದು ಎಂಬತ್ತು ಮೀಟರ್ ಆಚೆ. ನಡುವೆ ಗಾಳಿ, ತೆಂಗಿನ ಗರಿಯ ಸದ್ದು. "ಎಡಕ್ಕೆ ವಾಲಿಸೋ" ಅಂದರೆ ಅವನು ಎಡಕ್ಕೆ ಎರಡು ಹೆಜ್ಜೆ ಇಡುತ್ತಿದ್ದ. ಅದಕ್ಕೇ ಕೈಸನ್ನೆಗಳಿವೆ: ಕೈ ಮೇಲೆತ್ತಿದರೆ ಸ್ಟಾಫನ್ನು ಎತ್ತರಿಸು, ಪಕ್ಕಕ್ಕೆ ಚಾಚಿ ಬೀಸಿದರೆ ವಾಲಿಸು. ನಮ್ಮ ಪೂರ್ವಿಕರು ದೂರವನ್ನು ಗೇಣು, ಮೊಳ, ಮಾರು, ಕೂಗಳತೆ, ಹರದಾರಿ ಎಂದು ಅಳೆದದ್ದನ್ನು ಪಠ್ಯಪುಸ್ತಕದ ಮುನ್ನುಡಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕ್ಯಾಂಪಿಗೆ ಹೋದವನಿಗೆ ಮಾತ್ರ ಕೂಗಳತೆ ಎಂಬುದು ಎಷ್ಟು ಕರಾರುವಾಕ್ಕಾದ ಮಾನವೆಂದು ತಿಳಿಯುತ್ತದೆ. ಅದರಾಚೆ ಹೋದ ಸ್ಟಾಫ್‌ಮ್ಯಾನ್ ಮರದ ನೆರಳಲ್ಲಿ ನಿದ್ದೆ ಮಾಡುತ್ತಾನೆ.

ಕಂಪಾಸಿನದು ಬೇರೆಯೇ ಕಥೆ. ಒಂದು ಗೆರೆಯ ಈ ತುದಿಯಿಂದ ಆ ತುದಿಗೆ ನೋಡಿದ ಕೋನಕ್ಕೂ, ಆ ತುದಿಯಿಂದ ಈ ತುದಿಗೆ ನೋಡಿದ ಕೋನಕ್ಕೂ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಇರಬೇಕು. ಇಲ್ಲದಿದ್ದರೆ ಅಕ್ಕಪಕ್ಕ ಎಲ್ಲೋ ಕಬ್ಬಿಣ ಇದೆ ಎಂದರ್ಥ. ಇದಕ್ಕೆ ಲೋಕಲ್ ಅಟ್ರಾಕ್ಷನ್ ಎಂಬ ಹೆಸರು. ಹಾಸ್ಟೆಲ್ ಹುಡುಗರ ಬಾಯಲ್ಲಿ ಆ ಹೆಸರು ಏನೇನಾಗುತ್ತಿತ್ತೆಂದು ಬರೆಯುವುದು ಬೇಡ. ಒಂದು ವರ್ಷ ನನ್ನ ಬ್ಯಾಚಿನವರು 62 ಡಿಗ್ರಿ ನೋಡಿದ ಗೆರೆಗೆ ಹಿಂದಿನಿಂದ 242 ಬರಬೇಕಾದಲ್ಲಿ 251 ಬಂತು. ಬೀಗದ ಕೈ ತೆಗೆಸಿದೆ, ಬೆಲ್ಟ್ ಬಿಚ್ಚಿಸಿದೆ, ಕನ್ನಡಕದ ಹುಡುಗನನ್ನು ದೂರ ಕಳಿಸಿದೆ. 251 ಅಲ್ಲಾಡಲಿಲ್ಲ. ಕೊನೆಗೆ ತಿರುಗಿ ನೋಡಿದರೆ ನಾವು ನಿಂತದ್ದು ಮಾರಮ್ಮನ ಗುಡಿಯ ಬೆನ್ನಿಗೆ. ಗೋಡೆಯ ಆಚೆ ಹರಕೆಯವರು ತಲೆಮಾರುಗಳಿಂದ ನೆಟ್ಟ ಕಬ್ಬಿಣದ ತ್ರಿಶೂಲಗಳ ಕಾಡೇ ಇತ್ತು. ಸ್ಟೇಷನ್ನನ್ನು ಬೇರೆ ಕಡೆಗೆ ಸರಿಸಿದೆವು. ಪೂಜಾರಪ್ಪನಿಗೆ ವಿಷಯ ತಿಳಿದು ಬಹಳ ಸಂತೋಷವಾಯಿತು. "ಅಮ್ಮನ ಮುಂದೆ ನಿಮ್ಮ ಮುಳ್ಳೂ ತಿರುಗ್ತು ಅನ್ನಿ" ಎಂದು ನಮಗೆಲ್ಲ ಬಾಳೆಹಣ್ಣು ಕೊಟ್ಟರು. ಭೌತಶಾಸ್ತ್ರದ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಚೈನು ಎಳೆಯುವುದು ಎಲ್ಲರಿಗೂ ಬೇಸರದ ಕೆಲಸ. ಮುಂದಿನವನು ಲೀಡರ್, ಹಿಂದಿನವನು ಫಾಲೋವರ್. ಲೀಡರ್ ಒಂದೊಂದು ಚೈನಿಗೆ ಒಂದೊಂದು ಆರೋ ನೆಡುತ್ತಾನೆ, ಫಾಲೋವರ್ ಕಿತ್ತುಕೊಂಡು ಬರುತ್ತಾನೆ. ಫಾಲೋವರ್ ಕೈಗೆ ಹತ್ತು ಬಂದರೆ ಹತ್ತು ಚೈನು. ಕೈಯಲ್ಲಿ ಒಂಬತ್ತಿದ್ದರೆ ಒಂದು ಗದ್ದೆಯಲ್ಲಿ ಬಿದ್ದಿದೆ, ಅಟೆಂಡರಿಗೆ ಉತ್ತರ ಹೇಳಬೇಕು. ಎಳೆದೆಳೆದು ಕೊಂಡಿಗಳು ಸವೆದು ಚೈನು ಉದ್ದವಾಗುತ್ತದೆ. ಕೊಂಡಿ ಬಾಗಿದರೆ ಗಿಡ್ಡವಾಗುತ್ತದೆ. ಈ ಎರಡೂ ಒಂದನ್ನೊಂದು ಸರಿದೂಗಿಸಿಕೊಳ್ಳಲಿ ಎಂದು ನಾವು ದೇವರ ಮೇಲೆ ಭಾರ ಹಾಕುತ್ತಿದ್ದೆವು.

ಹುಡುಗರ ಈ ಬೇಸರ ಕಳೆಯಲು ನಾನು ಚೈನಿನ ದಿನ ಸಂಜೆ ಒಂದು ಕಥೆ ಹೇಳುತ್ತಿದ್ದೆ. 1793ರಲ್ಲಿ ಇಂಗ್ಲೆಂಡಿನಿಂದ ಮೆಕಾರ್ಟ್ನಿ ಎಂಬ ರಾಯಭಾರಿ ಚೀನಾ ಚಕ್ರವರ್ತಿಯ ಬಳಿಗೆ ಹಡಗು ತುಂಬ ಕಾಣಿಕೆ ಒಯ್ದ. ಅದರಲ್ಲೊಂದು ನೂರು ಅಡಿಯ ಉಕ್ಕಿನ ಚೈನು. ಎರಡೂವರೆ ಅಡಿಯ ನಲವತ್ತು ಸರಳುಗಳು. ಚಕ್ರವರ್ತಿಗೆ ಅದು ಬೇಡವಾಯಿತು. ಆ ತಂಡದಲ್ಲಿದ್ದ ಡಿನ್‌ವಿಡಿ ಎಂಬ ವಿಜ್ಞಾನಿಯ ಜೊತೆ ಅದು ಕಲ್ಕತ್ತೆಗೆ ಬಂತು. ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಈ ದೇಶದ ಅಗಲವನ್ನು ತ್ರಿಕೋನ ಕಟ್ಟಿ ಅಳೆಯುತ್ತೇನೆಂದು ಹೊರಟಾಗ ಅವನ ಕೈಗೆ ಸಿಕ್ಕಿದ್ದು ಈ ಚೈನೇ. 1800ರ ಕೊನೆಯಲ್ಲಿ ಅವನು ಬೆಂಗಳೂರಿನ ಪಕ್ಕದ ಬಯಲಿನಲ್ಲಿ ಸುಮಾರು 7.4 ಮೈಲಿಯ ಒಂದು ಗೆರೆ ಅಳೆದ. ಆಮೇಲೆ 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಗೆರೆ ಶುರುವಾಯಿತು. ಅದೂ ಏಳೂವರೆ ಮೈಲಿ. ಮುಗಿಸುವುದಕ್ಕೆ ಐವತ್ತೇಳು ದಿನ. ಬಿಸಿಲಿಗೆ ಉಕ್ಕು ಹಿಗ್ಗೀತೆಂದು ಚೈನನ್ನು ಮರದ ತೊಟ್ಟಿಯಲ್ಲಿ ಮಲಗಿಸಿ, ಮೇಲೆ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ನೋಡಿಕೊಂಡರಂತೆ. ಚಕ್ರವರ್ತಿ ಮೂಸದ ಚೈನು ಬೆಂಗಳೂರಿನ ಕೆಮ್ಮಣ್ಣಿನಲ್ಲಿ ರಾಜೋಪಚಾರ ಕಂಡಿತು.

ಕಥೆ ಮುಗಿದಾಗ ಒಬ್ಬ ಹುಡುಗ, "ಏಳು ಮೈಲಿಗೆ ಐವತ್ತೇಳು ದಿನ ಕೊಟ್ಟಿದ್ರೆ ನಾವೂ ಸರಿಯಾಗಿ ಅಳೀತಿದ್ವಿ ಸರ್. ನಮಗೆ ಕೊಟ್ಟಿರೋದು ಅರ್ಧ ದಿನ" ಎಂದ. ನ್ಯಾಯವೇ.

ಲ್ಯಾಂಬ್ಟನ್ನನ ಇನ್ನೊಂದು ಕಥೆಯನ್ನು ಹುಡುಗರು ಯಂತ್ರ ಬೀಳಿಸಿದ ದಿನಕ್ಕೆಂದೇ ಕಾದಿಡುತ್ತಿದ್ದೆ. ಅವನ ದೊಡ್ಡ ಥಿಯೊಡೊಲೈಟ್ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಹಗ್ಗ ಕಟ್ಟಿ ಏರಿಸುವಾಗ ಹಗ್ಗ ಹರಿದು, ಯಂತ್ರ ಹೋಗಿ ಗೋಡೆಗೆ ಬಡಿದು, ಕೋನ ಓದುವ ಚಕ್ರವೇ ಸೊಟ್ಟಗಾಯಿತು. ಅವನು ಯಾರನ್ನೂ ಬೈಯ್ದ ಸುದ್ದಿಯಿಲ್ಲ. ಡೇರೆಯೊಳಗೆ ಸೇರಿಕೊಂಡು ಆರು ವಾರ ಕೂತು ಕೈಯಾರೆ ನೆಟ್ಟಗೆ ಮಾಡಿದ. ನಮ್ಮಲ್ಲಿ ಹಾಗಲ್ಲ. ಲೆವೆಲ್ ಬಿದ್ದ ಶಬ್ದ ಕೇಳಿದ ಕೂಡಲೇ ಗುಂಪಿನ ಹತ್ತೂ ಜನ ಒಂದೇ ಬಾಯಲ್ಲಿ "ನಾನಲ್ಲ ಸರ್" ಎನ್ನುತ್ತಿದ್ದರು. ಹಳ್ಳಿಯ ನಾಯಿಯೊಂದು ಅಲ್ಲಿ ಹಾದುಹೋಗುತ್ತಿದ್ದರೆ ಅಪರಾಧ ಅದರದ್ದೇ.

ಹಳ್ಳಿಯವರ ಕಣ್ಣಿಗೆ ನಾವು ಯಾರು ಎನ್ನುವುದು ದೊಡ್ಡ ತಮಾಷೆ. ಮೂರು ಕಾಲಿನ ಸ್ಟ್ಯಾಂಡು, ಗೂಟ, ಸುತ್ತಿಗೆ ಕಂಡರೆ ಸಾಕು, ಸರ್ಕಾರ ಬಂತು. "ಯಾವ ರೋಡು ಸ್ವಾಮಿ? ನಮ್ಮ ತೋಟದ ಮೇಲೆ ಹೋಗ್ತದಾ?" ಎಂದು ಕೇಳುವವರು ಒಂದು ಕಡೆ, ಇನ್ನೊಂದು ಕಡೆ, ಅಜ್ಜನ ಕಾಲದ ಟಿಪ್ಪಣಿ ನಕಲು ಹಿಡಿದು, "ಪಕ್ಕದೋನು ಬಾಂದುಕಲ್ಲು ಕಿತ್ತು ಈಚೆಗೆ ಹಾಕ್ಯಾನೆ, ಒಂದೀಟು ಅಳದು ಹೇಳಿ" ಎನ್ನುವವರು. ನಾವು ಮೀಟರಿನವರು, ಅವರ ಲೆಕ್ಕ ಗುಂಟೆಯದು. ಮೂವತ್ತಮೂರು ಅಡಿ ಉದ್ದ ಮೂವತ್ತಮೂರು ಅಡಿ ಅಗಲ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಈ ಗುಣಾಕಾರವನ್ನು ನನ್ನ ವಿದ್ಯಾರ್ಥಿಗಳು ಕ್ಯಾಲ್ಕ್ಯುಲೇಟರಿನಲ್ಲಿ ಮಾಡುವ ಹೊತ್ತಿಗೆ ಬೀಡಿ ಸೇದುತ್ತ ಕೂತ ಮುದುಕ ಉತ್ತರ ಹೇಳಿ, ಅದನ್ನು ಆಣೆಗೆ ಒಡೆದು, ತನಗೆ ಬರಬೇಕಾದ ಪಾಲನ್ನೂ ಹೇಳಿರುತ್ತಿದ್ದ. ನಾವು ಮಕ್ಕಳು, ಓದುವುದಕ್ಕೆ ಬಂದಿದ್ದೇವೆ, ನಮ್ಮ ಅಳತೆಗೆ ಬೆಲೆಯಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ರಾತ್ರೋರಾತ್ರಿ ಗೂಟಗಳು ಮಾಯವಾಗುತ್ತಿದ್ದವು. ಅರ್ಧ ಅನುಮಾನಕ್ಕೆ, ಅರ್ಧ ಒಲೆಗೆ.

ಕ್ಯಾಂಪಿನ ಹೊಸ ಕೆರೆಯ ವಿಷಯದಲ್ಲಿ ನನಗೆ ಒಂದು ಸಂಕಟವಿದೆ. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ಓದಿದ ಪ್ರತಿ ಬ್ಯಾಚೂ ಒಂದು ಹೊಸ ಕೆರೆ ವಿನ್ಯಾಸ ಮಾಡಿದೆ. ಏರಿ ಎಷ್ಟು ಎತ್ತರ, ತೂಬು ಎಲ್ಲಿ, ಕೋಡಿ ಎಷ್ಟು ಅಗಲ, ಅಚ್ಚುಕಟ್ಟು ಎಷ್ಟು ಎಕರೆ, ಎಲ್ಲವೂ ಬಣ್ಣದ ಶಾಯಿಯಲ್ಲಿದೆ. ಈ ಕಾಗದದ ಕೆರೆಗಳನ್ನೆಲ್ಲ ಕಟ್ಟಿಬಿಟ್ಟಿದ್ದರೆ ಕೋಲಾರದಿಂದ ಬೀದರಿನವರೆಗೆ ದೋಣಿಯಲ್ಲಿ ಹೋಗಬಹುದಿತ್ತು. ಅವೆಲ್ಲ ಸ್ಟೋರ್ ರೂಮುಗಳಲ್ಲಿ ಸುರುಳಿ ಸುತ್ತಿಕೊಂಡು ಗೆದ್ದಲಿಗೆ ಅಚ್ಚುಕಟ್ಟಾಗಿವೆ. ಊರಿನ ಗೌಡರು ನನ್ನ ಮೊದಲ ವರ್ಷದ ಕ್ಯಾಂಪಿನಲ್ಲಿ, "ಮೇಷ್ಟ್ರೇ, ಕೆಲಸ ಯಾವಾಗ ಶುರು?" ಎಂದು ಕೇಳಿದ್ದರು. ಐದನೆಯ ವರ್ಷ, "ಈ ಸಲನಾದ್ರೂ ಕಟ್ತೀರಾ?" ಎಂದರು. ಹತ್ತನೆಯ ವರ್ಷದ ಹೊತ್ತಿಗೆ ಪ್ರಶ್ನೆ ನಿಂತು, ನಮ್ಮನ್ನು ನೋಡಿದ ಕೂಡಲೇ ಎಳನೀರು ಇಳಿಸಲು ಆಳಿಗೆ ಹೇಳುತ್ತಿದ್ದರು. ಜಾತ್ರೆಗೆ ಬರುವ ಬಳೆಗಾರರನ್ನು ಕಂಡಂತೆ ನಮ್ಮನ್ನು ಕಾಣತೊಡಗಿದ್ದರು.

ನಾನು ಹೇಳಬೇಕೆಂದು ಕೂತದ್ದು ಕುಕ್ಕಿಂಗ್ ಬಗ್ಗೆ. ಅಡಿಗೆಯಲ್ಲ. ಬಾರದ ರೀಡಿಂಗನ್ನು ಬಂದಂತೆ ಬರೆಯುವುದಕ್ಕೆ ಕಾಲೇಜಿನ ಭಾಷೆಯಲ್ಲಿ ಕುಕ್ ಮಾಡುವುದು ಎನ್ನುತ್ತಾರೆ. ಲೆವೆಲಿಂಗ್ ಹೊರಟವನು ಒಂದು ಗೊತ್ತಾದ ಜಾಗದಿಂದ ಶುರುಮಾಡಿ ಸುತ್ತಿ ಅಲ್ಲಿಗೇ ವಾಪಸು ಬರಬೇಕು. ನೂರು ಮೀಟರ್ ಎಂದು ಶುರುಮಾಡಿದರೆ ನೂರಕ್ಕೇ ಬರಬೇಕು. ಬರುವುದಿಲ್ಲ. ಬಿಸಿಲಿಗೆ ಗಾಳಿ ನಡುಗುತ್ತದೆ, ಸ್ಟಾಫ್ ವಾಲುತ್ತದೆ, ಕಣ್ಣು ಸೋಲುತ್ತದೆ. ಅದಕ್ಕೆ ಪುಸ್ತಕವೇ ರಿಯಾಯಿತಿ ಕೊಟ್ಟಿದೆ: ಸಾಧಾರಣ ಲೆವೆಲಿಂಗಿಗೆ ಎಷ್ಟು ಕಿಲೋಮೀಟರ್ ನಡೆದಿರೋ ಅದರ ವರ್ಗಮೂಲವನ್ನು ಇಪ್ಪತ್ತೈದರಿಂದ ಗುಣಿಸಿದಷ್ಟು ಮಿಲಿಮೀಟರ್ ತಪ್ಪಬಹುದು. ನಾಲ್ಕು ಕಿಲೋಮೀಟರಿಗೆ 50 ಮಿಲಿಮೀಟರ್. ತಪ್ಪಿಗೆ ವರ್ಗಮೂಲ ಹಾಕಿ ಕ್ಷಮೆ ಕೊಡುವ ಶಾಸ್ತ್ರ ನನಗೆ ಬಹಳ ಹಿಡಿಸಿತು. ಧರ್ಮಶಾಸ್ತ್ರದವರೂ ಇಷ್ಟು ಯೋಚಿಸಿದಂತಿಲ್ಲ.

1981ರಲ್ಲಿ ನಮ್ಮ ಗುಂಪು ನಾಲ್ಕು ಕಿಲೋಮೀಟರ್ ಸುತ್ತಿ ಬಂದಾಗ ತಪ್ಪಿದ್ದು 140 ಮಿಲಿಮೀಟರ್. ಮತ್ತೆ ಸುತ್ತಬೇಕು. ಮಧ್ಯಾಹ್ನ ಮೂರೂವರೆ, ಹೊಂಗೆ ಮರದ ನೆರಳು, ಊಟ ಮಾಡಿದ ಹೊಟ್ಟೆ. ಒಂದು ರೀಡಿಂಗ್ ತಿದ್ದಿದೆವು. ಪೂರ್ತಿ ಸೊನ್ನೆ ಬಂದರೆ ಮೇಷ್ಟ್ರಿಗೆ ಅನುಮಾನ ಬಂದೀತೆಂದು 12 ಮಿಲಿಮೀಟರ್ ತಪ್ಪನ್ನು ಹಾಗೇ ಉಳಿಸಿದೆವು. ಆ ಉಪಾಯ ನನ್ನದು, ಅದರ ಬಗ್ಗೆ ಅವತ್ತು ಹೆಮ್ಮೆಯೂ ಇತ್ತು. ತಿದ್ದಿದ್ದು ಗೊತ್ತಾಗದಿರಲೆಂದು ಇಡೀ ಲೆವೆಲ್ ಪುಸ್ತಕವನ್ನು ಹೊಸದಾಗಿ ಬರೆದೆವು. ಸಂಜೆ ಮೇಷ್ಟ್ರು ಪುಟ ತಿರುಗಿಸಿದರು, ಲೆಕ್ಕ ನೋಡಲೇ ಇಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಇದಕ್ಕೆ ಬಿಸಿಲೇ ತಾಗಿಲ್ಲವಲ್ಲಯ್ಯ" ಎಂದು ಸಹಿ ಹಾಕಿ ಕೊಟ್ಟರು. ಪೂರ್ತಿ ಅಂಕವೂ ಬಂತು. ಅದೇ ಆಮೇಲೆ ತೊಂದರೆ ಕೊಟ್ಟದ್ದು.

ಸರ್ವೆ ಮಾಡುವವರ ನಡುವೆ ಒಂದು ಕಥೆ ಓಡಾಡುತ್ತದೆ. ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ಗಣಿತಜ್ಞರ ಲೆಕ್ಕದ ಮೇಲೆ 1856ರಲ್ಲಿ ಎವರೆಸ್ಟಿನ ಎತ್ತರ 29,002 ಅಡಿ ಎಂದು ಸಾರಿದರು. ನಿಜಕ್ಕೂ ಬಂದ ಸರಾಸರಿ ಸರಿಯಾಗಿ 29,000 ಅಂತೆ. ಅಷ್ಟು ದುಂಡಗಿನ ಸಂಖ್ಯೆ ಹೇಳಿದರೆ ಅಂದಾಜು ಮಾಡಿದ್ದಾರೆ ಎಂದು ಜನ ನಗುತ್ತಾರೆಂದು ಮೇಲಿನವರು ಎರಡಡಿ ಸೇರಿಸಿದರಂತೆ. ನಿಜವೋ ಸುಳ್ಳೋ, ಈ ಕಥೆ ಮೊದಲ ಸಲ ಓದಿದಾಗ ನನಗೆ ನಮ್ಮ 12 ಮಿಲಿಮೀಟರ್ ನೆನಪಾಗಿ ಮೈ ಬಿಸಿಯಾಯಿತು. ವ್ಯತ್ಯಾಸ ಇಷ್ಟೇ: ಅವರು ನಿಜಕ್ಕೆ ನಂಬಿಕೆ ಬರಲೆಂದು ಎರಡಡಿ ಸುಳ್ಳು ಸೇರಿಸಿದರು, ನಾವು ಸುಳ್ಳಿಗೆ ನಂಬಿಕೆ ಬರಲೆಂದು ಒಂದಿಷ್ಟು ತಪ್ಪು ಉಳಿಸಿದೆವು.

ಹೀಗಾಗಿ ನಾನು ಮೇಷ್ಟ್ರಾದ ಮೇಲೆ ತಪ್ಪು ಕಡಿಮೆ ಬಂದ ಗುಂಪಿಗಿಂತ, ಇಷ್ಟು ತಪ್ಪಿದೆ ಎಂದು ಬಂದು ಹೇಳಿದ ಗುಂಪಿಗೆ ಹೆಚ್ಚು ಅಂಕ ಕೊಡುತ್ತಿದ್ದೆ. ತಪ್ಪನ್ನು ಗೆರೆಗಳ ಉದ್ದಕ್ಕೆ ತಕ್ಕಂತೆ ಹಂಚುವುದಕ್ಕೆ ಬೌಡಿಚ್ ನಿಯಮವೇ ಇದೆ, ಅದು ಶಾಸ್ತ್ರ. ಹಂಚಿಕೆಯನ್ನು ಪುಸ್ತಕದಲ್ಲಿ ಕಾಣುವಂತೆ ಬರೆಯದಿದ್ದರೆ ಅದೇ ಕುಕ್ಕಿಂಗ್. ಇಷ್ಟು ಹೇಳಿದ ಮೇಲೂ ಹುಡುಗರು ಕುಕ್ ಮಾಡುತ್ತಿದ್ದರು. ಕೆಲವರು ಹೆಚ್ಚು ಅಂಕ ಸಿಗುತ್ತದೆಂದು ತಪ್ಪನ್ನೇ ಕುಕ್ ಮಾಡಿ ತರುತ್ತಿದ್ದರು.

ಆ ನೂರು ಮೀಟರ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಸಮುದ್ರಮಟ್ಟದಿಂದ ಅಳೆದು ತಂದ ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕ್ ಹತ್ತಿರದಲ್ಲಿ ಇಲ್ಲದಿದ್ದರೆ ನಾವೇ ಒಂದು ಅಲ್ಲಾಡದ ಕಲ್ಲನ್ನು ಹುಡುಕಿ, ಇದರ ಮಟ್ಟ 100.000 ಎಂದು ಇಟ್ಟುಕೊಂಡು, ಕೆಂಪು ಬಣ್ಣದಲ್ಲಿ ಬರೆಯುತ್ತೇವೆ. ನಮ್ಮ ಕ್ಯಾಂಪಿನ ಊರಿನಲ್ಲಿ ಆ ಕಲ್ಲು ಬೀದಿ ತುದಿಯ ಅಜ್ಜಿಯೊಬ್ಬರ ಮನೆಯ ಮೆಟ್ಟಿಲು. ನಾನು ಹೊಸ ಮೇಷ್ಟ್ರಾಗಿದ್ದಾಗ ಅವರು ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತ ಕೇಳಿದರು:

"ಏನಪ್ಪಾ ಅದು ಬರ್ದಿದ್ದು?"

"ನಿಮ್ಮ ಮೆಟ್ಟಿಲು ನೂರು ಮೀಟರ್ ಎತ್ತರದಲ್ಲಿದೆ ಅಂತ ಇಟ್ಕೊಂಡಿದೀವಿ ಅಜ್ಜಿ."

"ಇಟ್ಕಂಡಿದೀರೋ, ಐತೋ?"

ಸರ್ವೇಯಿಂಗ್ ಪರೀಕ್ಷೆಯ ಮೌಖಿಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಯಾರೂ ಇಷ್ಟು ಚೂಪಾಗಿ ಕೇಳಿದ್ದನ್ನು ನಾನು ಕಂಡಿಲ್ಲ. ಇಟ್ಕೊಂಡಿದ್ದು ಎಂದು ಒಪ್ಪಿಕೊಂಡೆ. ಅಜ್ಜಿ ಅದನ್ನು ಅಲ್ಲಿಗೇ ಬಿಡಲಿಲ್ಲ. ಬೀದಿಯ ಉಳಿದ ಮನೆಗಳ ಲೆಕ್ಕವನ್ನೂ ಕೇಳಿದರು. ಹುಡುಗರು ಉತ್ಸಾಹದಿಂದ ಓದಿ ಹೇಳಿದರು: ಎದುರಿನದು 99.640, ಪಕ್ಕದ ಮನೆಯದು 100.215. ಪಕ್ಕದ ಮನೆ ತಮ್ಮದಕ್ಕಿಂತ ಒಂದು ಗೇಣು ಎತ್ತರ ಎಂದು ಅವತ್ತು ದಾಖಲೆ ಸಮೇತ ಸಿಕ್ಕಿತು. "ಅದಕ್ಕೇ ಮತ್ತೆ, ಅವಳ ಬಚ್ಚಲ ನೀರೆಲ್ಲ ನನ್ನ ಹಿತ್ತಲಿಗೆ!" ಎಂದು ಶುರುವಾದದ್ದು ನಾವು ಊರು ಬಿಡುವವರೆಗೂ ನಡೆಯಿತು. ಮಾರನೆಯ ವರ್ಷದಿಂದ ಮನೆಗಳ ಮಟ್ಟವನ್ನು ಯಾರ ಮುಂದೆಯೂ ಜೋರಾಗಿ ಓದಕೂಡದು ಎಂದು ಕಾನೂನು ಮಾಡಿದೆ.

2004ರ ಸುಮಾರಿಗೆ ಟೋಟಲ್ ಸ್ಟೇಷನ್ ಬಂತು. ಆಚೆ ಒಂದು ಕೋಲಿನ ತುದಿಯಲ್ಲಿ ಗಾಜಿನ ಪ್ರಿಸಂ, ಈಚೆ ಯಂತ್ರ. ಗುಂಡಿ ಒತ್ತಿದರೆ ಬೆಳಕು ಹೋಗಿ ಬಂದು, ದೂರ, ಕೋನ, ಎತ್ತರ ಮೂರೂ ಒಟ್ಟಿಗೆ ಪರದೆಯ ಮೇಲೆ. ಲೋಕ ನೆಟ್ಟಗೆ ಕಾಣುತ್ತಿತ್ತು. ಹಳಬರು ಹಲವರು ಗೊಣಗಿದರು. ನಾನು ಗೊಣಗಲಿಲ್ಲ. ಚೈನು ಎಳೆದು ಪುಣ್ಯ ಸಂಪಾದಿಸಿದವರು ಯಾರೂ ಇಲ್ಲ, ಮತ್ತು ಹತ್ತು ದಿನದ ಕೆಲಸ ಎರಡು ದಿನಕ್ಕೆ ಮುಗಿಯುವುದನ್ನು ಬೇಡ ಎನ್ನುವವನಿಗೆ ಬೆನ್ನುನೋವು ಬಂದಿರಲಿಕ್ಕಿಲ್ಲ. ಕಳೆದುಹೋದದ್ದರಲ್ಲಿ ನನಗೆ ನಿಜವಾಗಿ ಬೇಸರವಾದದ್ದು ಪ್ಲೇನ್ ಟೇಬಲ್ ಒಂದೇ. ಹೊಲದ ನಡುವೆ ಮೇಜು ಹೂಡಿ, ಕಾಣುವ ಮರಕ್ಕೆ ಗುಡಿಗೆ ಗೆರೆ ಎಳೆಯುತ್ತ ಹೋದರೆ ನಕ್ಷೆ ಕಣ್ಣೆದುರೇ, ಚುಕ್ಕಿ ಇಟ್ಟ ರಂಗೋಲಿಯಂತೆ, ಮೂಡುತ್ತಿತ್ತು. ನೋಡುತ್ತ ನಿಂತ ಊರವರು "ಅಲ್ಲಿ ಬಾವಿ ಬಿಟ್ರಿ" ಎಂದು ತಿದ್ದುತ್ತಿದ್ದರು. ಪೆನ್ ಡ್ರೈವಿನೊಳಗಿನ ಬಾವಿಯನ್ನು ಯಾರು ತಿದ್ದುತ್ತಾರೆ?

ಹಾಗೆಂದು ಹೊಸ ಯಂತ್ರ ತಪ್ಪೇ ಮಾಡುವುದಿಲ್ಲವೆಂದಲ್ಲ. ಅದು ನಾವು ಹೇಳಿದ್ದನ್ನು ನಂಬುತ್ತದೆ. ಪ್ರಿಸಂ ಕೋಲು 1.30 ಮೀಟರ್ ಎಂದು ಯಂತ್ರಕ್ಕೆ ಹೇಳಿರುತ್ತೇವೆ. ಬೇಲಿ ಅಡ್ಡ ಬಂತೆಂದು ಕೋಲಿನ ಹುಡುಗ ಅದನ್ನು 1.50ಕ್ಕೆ ಏರಿಸಿ, ಹೇಳುವುದನ್ನು ಮರೆಯುತ್ತಾನೆ. ಅಲ್ಲಿಂದಾಚೆಗೆ ಇಡೀ ಊರು 20 ಸೆಂಟಿಮೀಟರ್ ಉಬ್ಬುತ್ತದೆ, ಮೂರು ದಶಮಾಂಶದವರೆಗೆ ಕರಾರುವಾಕ್ಕಾಗಿ.

ಹೋದ ವರ್ಷ ನನ್ನ ಹಳೆಯ ಶಿಷ್ಯೆಯೊಬ್ಬಳು, ಈಗ ಅವಳೇ ಕ್ಯಾಂಪಿನ ಮೇಷ್ಟ್ರು, "ಸರ್, ಅದೇ ಊರು, ಎರಡು ದಿನ ಬನ್ನಿ" ಎಂದು ಕರೆದಳು. ಹೋದೆ. ಊರು ಬದಲಾಗಿತ್ತು. ಕುರಿ ಕಾಯುವ ಹುಡುಗ ಮೊಬೈಲಿನ ದಿಶಾಂಕ್ ಆ್ಯಪ್ ತೆರೆದು ನಾನು ನಿಂತ ಜಾಗದ ಸರ್ವೆ ನಂಬರ್ ಹೇಳಿದ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಮಾತೂ ಬಂತು. ಡ್ರೋನ್ ಹಾರುವ ಮುಂಚೆ ಮನೆಗಳ ಗಡಿಗೆ ಸುಣ್ಣದ ಗೆರೆ ಹಾಕುತ್ತಾರಲ್ಲ, ಆ ಸುಣ್ಣದ ದೆಸೆಯಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆಯನ್ನು ಗೌಡರ ಮಗ ಎಳನೀರಿನ ಜೊತೆ ಹೇಳಿದರು. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಅವರ ಸೊಸೆಯೇ ಈಗ ಅಜ್ಜಿ. ಸಂಜೆ ಆ ಮನೆಯ ಮುಂದೆ ಹಾದುಹೋಗುವಾಗ ಹಳೆಯ ಜಗಲಿ ಹೋಗಿ ಮಿರಿಮಿರಿ ಗ್ರಾನೈಟ್ ಬಂದಿರುವುದನ್ನೂ, ಅದರ ಮೇಲೆ ಹೊಸ ಕೆಂಪು ಬಣ್ಣದಲ್ಲಿ 100.000 ಎಂದು ಬರೆದಿರುವುದನ್ನೂ ನೋಡಿ, ಯಾರಿಗೂ ಏನೂ ಹೇಳದೆ ಶಾಲೆಗೆ ಬಂದೆ.

ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪಿನ ಸುತ್ತ ಗುಂಪು. ಹಳೆಯ ಕೆರೆಯ ಕೋಡಿಯ ಮಟ್ಟ ಹಿಂದಿನ ಬ್ಯಾಚುಗಳ ಶೀಟಿನಲ್ಲೆಲ್ಲ 96.480. ಇವರಿಗೆ ಬಂದದ್ದು 96.160.

"ಕೋಡಿ ಮೂವತ್ತೆರಡು ಸೆಂಟಿಮೀಟರ್ ಕುಸಿದಿದೆ ಸರ್" ಎಂದ ಒಬ್ಬ.

"ಕುಸಿಯೋಕೆ ಅದರಲ್ಲಿ ಒಂದು ಬಿರುಕೂ ಇಲ್ಲ" ಎಂದಳು ಒಬ್ಬ ಹುಡುಗಿ. ಪ್ರಿಸಂ ಎತ್ತರ ನೋಡಿದರು, ಯಂತ್ರದ ಎತ್ತರ ನೋಡಿದರು, ಬ್ಯಾಟರಿಯನ್ನೂ ಬೈದರು. "ಹಳೇ ನಂಬರೇ ಹಾಕ್ಬಿಡೋಣ, ಯಾರು ನೋಡ್ತಾರೆ" ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ನನ್ನ ಶಿಷ್ಯೆ ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ.

"ಬೇಡ. ಬೆಳಿಗ್ಗೆ ಮೊದಲಿಂದ ಹೊಡೆಯೋಣ" ಎಂದಳು ಆ ಹುಡುಗಿ.

ಬೆಳಿಗ್ಗೆ ಏಳಕ್ಕೆ ನಾನು ಆ ಗ್ರಾನೈಟ್ ಮೆಟ್ಟಿಲ ಮೇಲೆ ಕೂತು ಸೊಸೆಯಜ್ಜಿ ಕೊಟ್ಟ ಕಾಫಿ ಕುಡಿಯುತ್ತಿದ್ದೆ. ಹುಡುಗರು ಬಂದರು. ಹುಡುಗಿ ಪ್ರಿಸಂ ಕೋಲನ್ನು ಕೆಂಪಕ್ಷರದ ಮೇಲೆ ಊರಿದವಳು ಊರಿಯೇ ನಿಂತಳು. ಕಲ್ಲನ್ನು ನೋಡಿದಳು. ಬಗ್ಗಿ ಅಂಚನ್ನು ಬೆರಳಿನಿಂದ ಸವರಿದಳು.

"ಅಜ್ಜಿ, ಈ ಮೆಟ್ಟಿಲು ಯಾವಾಗ ಹಾಕ್ಸಿದ್ದು?"

"ಯುಗಾದಿ ಹೊತ್ತಿಗೆ ಕಣವ್ವ. ಮೊದ್ಲಿಗಿಂತ ಎರಡು ಮೆಟ್ಲು ಮೇಲಕ್ಕೆ ಎತ್ತಿಸ್ದೋ, ರಸ್ತೆ ನೀರು ನುಗ್ತಿತ್ತು. ಬಣ್ಣದೋನಿಗೆ ಹೇಳಿ ಅದನ್ನೂ ಹಂಗೇ ಬರೆಸ್ದೆ. ನಮ್ಮತ್ತೆ ಕಾಲದ್ದು, ಅಳಿಸ್ಬಾರ್ದು."

"ಟೇಪ್ ತಗೊಂಡು ಬಾರೋ" ಎಂದು ಅವಳು ಕೂಗಿದ್ದು ಬೀದಿ ತುದಿಯವರೆಗೂ ಕೇಳಿಸಿರಬೇಕು. ಟೇಪ್ ಬಂತು. ಅಳೆಯಲು ಅಡ್ಡವಾಗಿದ್ದ ನನ್ನ ಕಾಲನ್ನು ಮೇಲಕ್ಕೆಳೆದುಕೊಂಡೆ.

"ಹದಿನಾರು," ಎಂದಳು. ಇನ್ನೊಂದು ಮೆಟ್ಟಿಲಿಗೆ ಹಿಡಿದಳು. "ಹದಿನಾರು."